ಸೊಟ್ಟ ಬಾಗಿಲು

ಮುನಿಆಂಜನಪ್ಪನಿಗೆ ಇದ್ದದ್ದು ಒಂದೇ ಕಣ್ಣು ಎಂದರೂ ತಪ್ಪಿಲ್ಲ. ಎಡಗಣ್ಣು ಚಿಕ್ಕಂದಿನಲ್ಲೇ ಮಂಜಾಗಿತ್ತು. ಬಲಗಣ್ಣೊಂದರಲ್ಲೇ ಅವನು ದೊಡ್ಡನೆಕ್ಕುಂದಿಯಲ್ಲಿ ಸೊಪ್ಪು ಬೆಳೆದ, ಸೊಪ್ಪಿನ ಮಡಿ ಹೋಗಿ ಫ್ಯಾಕ್ಟರಿ ಶೆಡ್ ಬಂದ ಮೇಲೆ ಹೊಸ ಮನೆ ಕಟ್ಟಿಸಿದ, ಈಗ ಮೊಮ್ಮಗಳನ್ನು ಟಿವಿಎಸ್ ಮೇಲೆ ಸ್ಕೂಲಿಗೆ ಬಿಡುತ್ತಿದ್ದ. ಆ ಬಲಗಣ್ಣಿಗೇ ಸಕ್ಕರೆ ಕಾಯಿಲೆ ತಟ್ಟಿ ರೆಟಿನಾದಲ್ಲಿ ನೀರು ತುಂಬಿಕೊಂಡಾಗ ಅವನು ನೇರವಾಗಿ ಬಂದದ್ದು ತಂಗಿಯ ಮಗಳು ಹಂಸಳ ಹತ್ತಿರ. ಹಂಸಳ ಮನೆ ಜೋಗುಪಾಳ್ಯದಲ್ಲಿ, ಕೆಲಸ ಇಂದಿರಾನಗರದ ಒಂದು ಕಣ್ಣಾಸ್ಪತ್ರೆಯಲ್ಲಿ. ರೆಟಿನಾದ ಸ್ಕ್ಯಾನ್ ತೆಗೆಯುವವಳು ಅವಳು.

ಆ ಕೆಲಸವನ್ನು ಅವಳಿಗೆ ಕೈಹಿಡಿದು ಕಲಿಸಿದವರು ಡಾಕ್ಟರ್ ರಾಜಶೇಖರ. ದಾವಣಗೆರೆ ಕಡೆಯವರು, ಮಾತು ಮೆತ್ತಗೆ, ಊಟದ ಡಬ್ಬಿ ತೆರೆದರೆ ಎಲ್ಲರಿಗೂ ಹಂಚುವ ಕೈ. ಡಿಪ್ಲೊಮಾ ಮುಗಿಸಿ ಹೆದರಿಕೊಂಡು ಬಂದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರೆಟಿನಾದ ಒಂದೊಂದು ಪದರವನ್ನೂ ಬೆರಳಿಟ್ಟು ತೋರಿಸಿದ್ದರು. ಏಳು ವರ್ಷದಲ್ಲಿ ಹಂಸ ಅವರ ಮಾತನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ. ಹೊಸ ಲೇಸರ್ ಒಂದು ಬಂದಿತ್ತು. ಅದು ಬಿದ್ದ ಜಾಗ ಹೇಗೆ ಮಾಗುತ್ತದೆ ಎಂದು ಒಂದು ವಾರ, ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳಿಗೆ ಚಿತ್ರ ತೆಗೆದು ನೋಡುವ ಸ್ಟಡಿ ಅವರದು. ಇಂಜೆಕ್ಷನ್ನೋ ಲೇಸರೋ ಎಂಬ ಪ್ರಶ್ನೆ ಬಂದಾಗ ಮಾವನನ್ನು ಲೇಸರಿಗೆ ಒಪ್ಪಿಸಿದವಳು ಹಂಸಳೇ. ನಮ್ಮ ಸರ್ ಇದ್ದಾರೆ, ಕಣ್ಣು ಮುಚ್ಚಿಕೊಂಡು ನಂಬು ಎಂದಿದ್ದಳು.

ಮೊದಲ ತಿಂಗಳು ನೀರು ಸ್ವಲ್ಪ ಇಳಿಯಿತು. ಮೂರನೇ ತಿಂಗಳ ಸ್ಕ್ಯಾನಿನ ದಿನ ಹಂಸ ಜ್ವರದಿಂದ ಮಲಗಿದ್ದಳು. ರಾಜಶೇಖರ ಸರ್ ಫೋನ್ ಮಾಡಿ, ನೀನು ರೆಸ್ಟ್ ತಗೋ, ನಿಮ್ಮ ಮಾವನ ಚಿತ್ರ ನಾನೇ ತೆಗೀತೀನಿ ಎಂದು ಅವಳ ಪಾಸ್‌ವರ್ಡ್ ಕೇಳಿದರು. ಎಂಥ ದೊಡ್ಡ ಮನಸ್ಸು ಎಂದುಕೊಂಡು ಕೊಟ್ಟಳು. ಎರಡು ದಿನ ಬಿಟ್ಟು ಬಂದು ಫೈಲ್ ತೆರೆದರೆ, ಅಬ್ಬಾ, ಒಂದು ಹನಿ ನೀರಿಲ್ಲ! ಪದರಗಳೆಲ್ಲ ಸಪಾಟಾಗಿ, ಲೇಸರಿನ ಗುರುತೂ ಇಲ್ಲದಂತೆ ಮಾಗಿಹೋಗಿದ್ದವು. ಅವಳು ಅಲ್ಲೇ ನಿಂತು ಮಾವನಿಗೆ ಫೋನ್ ಹಚ್ಚಿದಳು.

ಮಾವ ಮಾತ್ರ ಅಷ್ಟೇನೂ ಖುಷಿಪಡಲಿಲ್ಲ. ಹೊಸ ಮನೆಗೆ ಬಡಗಿ ಹಬೀಬ್ ಕೂರಿಸಿದ ತೇಗದ ಬಾಗಿಲಿತ್ತಲ್ಲ, ಅದರ ಚೌಕಟ್ಟು ನಡುವೆ ಸೊಟ್ಟಗೆ ಕಾಣುತ್ತದೆ ಎಂದು ಗೊಣಗಿದ. ಹಂಸ ನಕ್ಕುಬಿಟ್ಟಳು.

“ಫೋಟೋ ನಾನೇ ನೋಡಿದೀನಿ ಮಾವ. ಕಣ್ಣು ಚಿನ್ನದಂಗಿದೆ. ಸುಮ್ನೆ ಭಯ ಬೀಳ್ಬೇಡ.”

ಇನ್ನೆರಡು ಸಲ ಅದೇ ಬಾಗಿಲಿನ ರಾಗ ಎಳೆದಾಗ ಅವಳು ಗದರಿದಳು. ಆಮೇಲೆ ಮಾವ ಬಾಗಿಲಿನ ಮಾತೇ ಎತ್ತಲಿಲ್ಲ. ಕಣ್ಣು ಪೂರ್ತಿ ನೆಟ್ಟಗಾಯಿತು ಎಂದು ಅವಳು ನಿಶ್ಚಿಂತಳಾದಳು.

ಆರನೇ ತಿಂಗಳಿಗೆ, ಒಂದು ಮಂಗಳವಾರ ಬೆಳಿಗ್ಗೆ, ಮುನಿಆಂಜನಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ಬಂದ. ಹಂಸ ಅವನ ಗದ್ದವನ್ನು ಮೆಷಿನ್ನಿನ ಮೇಲಿಡಿಸಿ ಫಾಲೋ-ಅಪ್ ಗುಂಡಿ ಒತ್ತಿದಳು. ಆ ಗುಂಡಿಯ ಕೆಲಸ ಇಷ್ಟೇ: ಹಿಂದಿನ ಚಿತ್ರದಲ್ಲಿರುವ ರಕ್ತನಾಳಗಳ ಗುರುತು ಹಿಡಿದು, ಅದೇ ಕಣ್ಣಿನ ಅದೇ ಜಾಗವನ್ನು ಮತ್ತೆ ತೆಗೆಯುವುದು. ಒಬ್ಬರ ಕಣ್ಣಿನ ನಾಳಗಳಿದ್ದಂತೆ ಇನ್ನೊಬ್ಬರದು ಇರುವುದಿಲ್ಲ. ಮೆಷಿನ್ ಹುಡುಕಿತು, ಹುಡುಕಿತು, ಹೊಂದಿಕೆಯಾಗುತ್ತಿಲ್ಲ ಎಂದಿತು. ಅಲ್ಲಾಡಬೇಡ ಮಾವ ಎಂದಳು. ನಾನೆಲ್ಲಿ ಅಲ್ಲಾಡಿದೆ ಎಂದ. ಎರಡನೇ ಸಲವೂ ಅದೇ ಆಯಿತು. ಮೂರನೇ ಸಲ ಅವಳು ರೇಗಿ, ಇಷ್ಟು ವಯಸ್ಸಾದರೂ ಒಂದು ನಿಮಿಷ ನೆಟ್ಟಗೆ ಕೂರಲು ಬರುವುದಿಲ್ಲವೇ ಎಂದು ಅಂದುಬಿಟ್ಟಳು. ಪಾಪ, ಮಾವ ಉಸಿರು ಬಿಗಿಹಿಡಿದು ಕೂತ. ಮೆಷಿನ್ ಒಪ್ಪಲಿಲ್ಲ.

ಹಾಗಾದರೆ ಹಿಂದಿನ ಚಿತ್ರದಲ್ಲೇ ಏನೋ ದೋಷ ಇರಬೇಕೆಂದು ಅವಳು ಮೂರನೇ ತಿಂಗಳದ್ದನ್ನು ತೆರೆದಳು. ಅಂದು ಅವಳು ಪದರಗಳನ್ನಷ್ಟೇ ನೋಡಿದ್ದಳು. ಪಕ್ಕದಲ್ಲಿದ್ದ ನಾಳಗಳ ಚಿತ್ರದ ಕಡೆ ಕಣ್ಣು ಹಾಯಿಸಿರಲಿಲ್ಲ. ಈಗ ನೋಡಿದಳು. ಕಣ್ಣಿನ ನರದ ಬುಡದಲ್ಲಿ ಒಂದು ಸಣ್ಣ ರಕ್ತನಾಳ ಕುಣಿಕೆ ಹಾಕಿಕೊಂಡು ಮೇಲಕ್ಕೆ ಹೋಗಿತ್ತು.

ಆ ಕುಣಿಕೆ ಅವಳಿಗೆ ಗೊತ್ತಿತ್ತು. ಅವಳು ಜ್ವರದಿಂದ ಮಲಗುವುದಕ್ಕೆ ಒಂದು ವಾರ ಮುಂಚೆ ಮೆಷಿನ್ ರಿಪೇರಿಯಾಗಿ, ಸರಿಯಾಗಿದೆಯೋ ಇಲ್ಲವೋ ನೋಡಲು ರಾಜಶೇಖರ ಸರ್ ಅವಳನ್ನೇ ಕೂರಿಸಿ ಬಲಗಣ್ಣಿನ ಚಿತ್ರ ತೆಗೆದಿದ್ದರು. ಪುಸ್ತಕದಲ್ಲಿ ಹಾಕೋ ಹಂಗಿದೆ ನಿನ್ನ ಕಣ್ಣು ಎಂದು ಹೊಗಳಿದ್ದರು. ಆ ಹೊಗಳಿಕೆಗೆ ಉಬ್ಬಿ ಅವಳು ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಅಮ್ಮನಿಗೂ ತೋರಿಸಿದ್ದಳು.

ಆದರೂ ಮನಸ್ಸು ಒಪ್ಪಬೇಕಲ್ಲ! ಮಾವನನ್ನು ಟೀ ಕುಡಿದು ಬಾ ಎಂದು ಹೊರಗೆ ಕಳಿಸಿ, ಜೊತೆಯಲ್ಲಿ ಕೆಲಸ ಮಾಡುವ ವೈಷ್ಣವಿಯನ್ನು ಕರೆದಳು. ಪರದೆಯ ಮೇಲೆ ಮಾವನ ಫೈಲ್ ಹಾಗೇ ಇತ್ತು, ಮಾವನ ಹೆಸರೂ ಇತ್ತು. ಹಂಸ ತನ್ನ ಗದ್ದ ಇಟ್ಟು, ಗುಂಡಿ ಒತ್ತು ಎಂದಳು. ಮೆಷಿನ್ ಒಂದು ಕ್ಷಣವೂ ತಡಮಾಡದೆ ಟಿಂಕ್ ಎಂದು ಒಪ್ಪಿಕೊಂಡಿತು.

ಟೀ ಮುಗಿಸಿ ಬಂದ ಮಾವನ ಕಣ್ಣನ್ನು ಹೊಸ ಚಿತ್ರವಾಗಿ ತೆಗೆದಳು. ರೆಟಿನಾದ ನಟ್ಟನಡುವೆ, ನೋಟ ನಿಲ್ಲುವ ಜಾಗದಲ್ಲೇ, ಕಪ್ಪು ನೀರಿನ ಗುಳ್ಳೆ ನಿಂತಿತ್ತು. ಅದರ ಕೆಳಗಿನ ಪದರ ಸವೆದು ಹರಿಯಲು ಶುರುವಾಗಿತ್ತು. ಇಂಜೆಕ್ಷನ್ ಬೀಳಬೇಕಾದ ಮೂರು ತಿಂಗಳು ಸುಮ್ಮನೆ ಹೋಗಿದ್ದವು, ಇರುವ ಒಂದೇ ಕಣ್ಣು ಹೋಗುವ ದಾರಿ ಹಿಡಿದಿತ್ತು.

ಹಂಸ ಎರಡು ಚಿತ್ರಗಳ ಪ್ರಿಂಟ್ ಹಿಡಿದು ಡಾಕ್ಟರ ಕೋಣೆಗೆ ಹೋದಳು. ಇನ್ನು ಮುಂದೆ ಆ ಮನುಷ್ಯನಿಗೆ ಬಹುವಚನ ದಂಡ. ರಾಜಶೇಖರ ಕಾಗದ ನೋಡಿದ, ಕನ್ನಡಕ ತೆಗೆದು ಒರೆಸಿದ. ಇಲ್ಲ ಎನ್ನಲಿಲ್ಲ. ಕಾನ್ಫರೆನ್ಸ್ ಹತ್ತಿರವಿತ್ತು, ಮೂರು ಕಣ್ಣುಗಳು ಮಾಗಿರಲಿಲ್ಲ, ಒಂದಾದರೂ ಮಾಗಿದರೆ ಸ್ಟಡಿಯ ಗ್ರಾಫ್ ಬೀಳದೆ ನಿಲ್ಲುತ್ತಿತ್ತು, ಆರನೇ ತಿಂಗಳಿಗೆ ಹೇಗೂ ಇಂಜೆಕ್ಷನ್ ಕೊಡಬೇಕೆಂದಿದ್ದೆ ಎಂದು ಪಾಠ ಹೇಳುವ ದನಿಯಲ್ಲೇ ಹೇಳಿದ.

“ಅವ್ರು ನಮ್ ಮಾವ ಅಂತ ನಿಮ್ಗೆ ಗೊತ್ತಿತ್ತಲ್ಲ ಸರ್?”

“ಗೊತ್ತಿತ್ತು. ಅದಕ್ಕೇ ಅವರ ಫೈಲ್ ತಗೊಂಡೆ. ಬೇರೆ ಪೇಷೆಂಟ್ಸ್ ಆದ್ರೆ ಕಣ್ಣು ಕಾಣಲ್ಲ ಅಂತ ವಾಪಸ್ ಬರ್ತಾರೆ. ಇವರಾದ್ರೆ ನೀನು ಹೇಳಿದ್ರೆ ಕೇಳ್ತಾರೆ.”

ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರಲ್ಲ, ಅದು ಇದೇ. ಅವಳ ಕಣ್ಣನ್ನು ತೆಗೆದುಕೊಂಡಿದ್ದ, ಅವಳ ಬಾಯನ್ನೂ ತೆಗೆದುಕೊಂಡಿದ್ದ. ಕಂಪ್ಲೇಂಟ್ ಕೊಡುತ್ತೇನೆ ಎಂದಾಗ ಅವನು, ಯೋಚನೆ ಮಾಡು, ಚಿತ್ರ ಬದಲಾಯಿಸಿದ್ದು ನಿನ್ನ ಪಾಸ್‌ವರ್ಡಿನಲ್ಲಿ ಎಂದು ನೆನಪು ಮಾಡಿದ, ಅದೇ ಮೆತ್ತನೆಯ ಮಾತಿನಲ್ಲಿ. ಹಂಸಳಿಗೆ ಅವನ ಮುಖದ ಮೇಲೆ ಕಾಗದ ಎಸೆಯುವಷ್ಟು ಸಿಟ್ಟು ಬಂತು. ಆದರೆ ಆ ಕಾಗದ ಬೇಕಿತ್ತು, ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಹೆಸರು ಹಾಳಾದರೆ ಹಾಳಾಗಲಿ, ಬರೆದೇ ಕೊಡುತ್ತೇನೆ ಎಂದು ಹೇಳಿ ಹೊರಬಂದಳು. ಶಿವಾಜಿನಗರದ ಬೇರೊಂದು ಆಸ್ಪತ್ರೆಗೆ ಫೋನ್ ಮಾಡಿ ಅದೇ ಮಧ್ಯಾಹ್ನಕ್ಕೆ ಇಂಜೆಕ್ಷನ್ ಗೊತ್ತುಮಾಡಿದಳು.

ಆಟೋದಲ್ಲಿ, ಹಲಸೂರಿನ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ, ಮಾವನಿಗೆ ಎಲ್ಲವನ್ನೂ ಹೇಳಿದಳು. ಆ ಫೋಟೋ ನಿನ್ನದಲ್ಲ, ನನ್ನ ಕಣ್ಣಿನದು. ಹೋದದ್ದು ಎಷ್ಟು ವಾಪಸ್ಸು ಬರುತ್ತದೋ ಗೊತ್ತಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಎಂದಳು. ಮುನಿಆಂಜನಪ್ಪ ಬೈಯಲಿಲ್ಲ.

“ಹಂಗಾದ್ರೆ ಬಾಗಿಲು ನೆಟ್ಟಗೇ ಇತ್ತಾ?”

ಇತ್ತು ಮಾವ ಎಂದಳು.

“ನೀನು ಕಣ್ಣು ಚಿನ್ನದಂಗಿದೆ ಅಂದ್ಯಲ್ಲ. ನೀನು ಸುಳ್ಳು ಹೇಳ್ತೀಯಾ? ಹಂಗಾದ್ರೆ ಬಾಗಿಲೇ ಸೊಟ್ಟ ಅಂದ್ಕೊಂಡು ಹಬೀಬ್‌ನ ಕರೆಸ್ದೆ. ಅವನು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ನೆಟ್ಟಗೈತೆ ನೋಡು ಅಣ್ಣ ಅಂತ ತೋರಿಸ್ದ. ನಂಗೆ ದಾರಾನೂ ಸೊಟ್ಟಗೇ ಕಾಣ್ತು. ಹಸಿ ಮರ ಹಾಕಿ ಮೋಸ ಮಾಡ್ದೆ ಅಂತ ಬೀದಿಯವರ ಮುಂದೆ ಬೈದು, ನಂಗೆ ನೆಟ್ಟಗೆ ಕಾಣೋಗಂಟ ಚೌಕಟ್ಟು ಕೆತ್ತಿಸ್ದೆ. ಈಗ ಬಾಗಿಲು ಮುಚ್ಚಲ್ಲ.”

ಸಿಗ್ನಲ್ ಬಿಟ್ಟು ಆಟೋ ಹೊರಟಿತು. ಮಾವ ಜೇಬಿನಿಂದ ಮೊಬೈಲ್ ತೆಗೆದು ಅವಳ ಕೈಗಿಟ್ಟು, ಹೆಸರು ಕಾಣುತ್ತಿಲ್ಲ, ಹಬೀಬ್ ನಂಬರ್ ಹಚ್ಚಿಕೊಡು ಎಂದ. ಹಚ್ಚಿ ಕೊಟ್ಟಳು.

“ಹಬೀಬಾ, ನಾನು ಕಣಪ್ಪಾ,” ಎಂದ ಮುನಿಆಂಜನಪ್ಪ. “ನೀನು ಮೋಸ ಮಾಡಿರ್ಲಿಲ್ಲ. ತಪ್ಪಾಯ್ತು.”