ಎಡಗಡೆಯ ದಾಸವಾಳ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಣ್ಣ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಇರಲಿ ಬಿಡಿ. ಆದರೆ ಆವತ್ತು ಅಮ್ಮನ ಕೋಣೆಗೆ ಕಾಲಿಟ್ಟು, ಮಂಚದ ಎದುರು ಗೋಡೆಯಲ್ಲಿ ನೇತಾಡುತ್ತಿದ್ದ ನನ್ನ ಚಿತ್ರ ನೋಡಿದಾಗ ಬಂದದ್ದು ಮೂಗಿನ ತುದಿಯ ಕೋಪವಲ್ಲ, ಹೊಟ್ಟೆಯೊಳಗಿಂದ ಎದ್ದು ಬಂದದ್ದು. ಕೈಯಲ್ಲಿದ್ದ ಬಣ್ಣದ ಚೀಲವನ್ನು ನೆಲಕ್ಕೆ ಕುಕ್ಕಿದೆ. ನಾನಿಲ್ಲದ ಹೊತ್ತಿನಲ್ಲಿ ಅತ್ತಿಗೆ ನನ್ನ ಚಿತ್ರದ ಮೇಲೆ ಕೈಯಾಡಿಸಿದ್ದಳು.

ಹೋದ ಚಳಿಗಾಲದಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಕೈಕಾಲು ತಕ್ಕಮಟ್ಟಿಗೆ ಸುಧಾರಿಸಿದವು. ಆದರೆ ಎಡಗಡೆ ಎನ್ನುವುದೊಂದು ಅವಳ ಪಾಲಿಗೆ ಇಲ್ಲವಾಯಿತು. ಕಣ್ಣಿನಲ್ಲಿ ದೋಷವಿಲ್ಲ, ಮಿದುಳು ಆ ಕಡೆ ಗಮನ ಕೊಡುತ್ತಿಲ್ಲ ಎಂದರು ಡಾಕ್ಟರು. ತಟ್ಟೆಯ ಬಲಗಡೆ ಇರುವಷ್ಟನ್ನೇ ತಿಂದು, ಇಷ್ಟೇನಾ ಬಡಿಸೋದು ಎಂದು ಸಿಡುಕುತ್ತಾಳೆ. ತಲೆ ಬಾಚಿಕೊಂಡರೆ ಅರ್ಧ ತಲೆ. ಅದನ್ನು ನೋಡಿ ಅಣ್ಣ ಒಮ್ಮೆ ಕಿಸಕ್ಕನೆ ನಕ್ಕ. ಎಷ್ಟೋ ದಿನ ಅವನ ಹತ್ತಿರ ಮಾತು ಬಿಟ್ಟಿದ್ದೆ.

ಹಿತ್ತಲಿನ ಹೂತೋಟ ಅಮ್ಮ ಮಾಡಿದ್ದು. ಈಗ ಆ ಮೆಟ್ಟಿಲು ಇಳಿಯಲಾರಳು. ಡೇರೆ ಹೂ ಬಿಟ್ಟಿತಾ, ಚೆಂಡುಹೂಗೆ ಹುಳ ಬಿತ್ತಾ ಎಂದು ಹೋದಾಗಲೆಲ್ಲ ಕೇಳುತ್ತಿದ್ದಳು. ನನ್ನ ಕಸುಬೇ ಬಣ್ಣ. ಅಂಗಡಿಗಳ ಬೋರ್ಡು, ಶಾಲೆಗಳ ಗೋಡೆ, ಯಾರು ಕರೆದರೂ ಹೋಗಿ ಬರೆಯುವವಳು ನಾನು. ತೋಟವನ್ನೇ ಒಳಗೆ ತಂದುಬಿಡೋಣ ಎಂದು ಮಂಚದಗಲದ ಕ್ಯಾನ್ವಾಸ್ ಕಟ್ಟಿದೆ. ಮೊದಲು ಇಡೀ ಬಟ್ಟೆಗೆ ಒದ್ದೆಮಣ್ಣಿನ ಕಂದು ಬಳಿದೆ. ಆಮೇಲೆ ಡೇರೆ, ಚೆಂಡುಹೂ, ಸೇವಂತಿಗೆ, ಗುಲಾಬಿ, ಎಲ್ಲವನ್ನೂ ಬಲಗಡೆಗೆ ಒತ್ತೊತ್ತಾಗಿ ಬರೆದೆ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಒಂದಿಷ್ಟು ಕಪ್ಪಾಗುತ್ತದೆ, ಅದಕ್ಕೆಂದು ಪ್ರತಿಯೊಂದನ್ನೂ ತುಸು ತಿಳಿಯಾಗಿಯೇ ಕಲಸಿಕೊಂಡೆ. ನಡುವಿಗೆ ತಾಗಿದಂತಿದ್ದ ನೇರಳೆ ಡೇರೆಯನ್ನಂತೂ ಸಣ್ಣ ಕುಂಚ ಹಿಡಿದು ಎಸಳೆಸಳಾಗಿ ತೆಗೆದೆ. ಎಡಭಾಗವನ್ನು ಮಣ್ಣಾಗಿಯೇ ಬಿಟ್ಟೆ. ಅರ್ಧಂಬರ್ಧ ಕಾಣುವವಳಿಗೆ ತೋಟವಾದರೂ ಪೂರ್ತಿ ಕಾಣಲಿ ಎನ್ನುವುದು ನನ್ನ ಆಸೆ. ಗೋಡೆಗೆ ಹಾಕಿದ ದಿನ ಅಮ್ಮ ಒಂದೊಂದೇ ಹೂವಿನ ಹೆಸರು ಹೇಳಿದಳು. ನನಗೆ ಅಳು ಬಂತು.

ಅತ್ತಿಗೆಯದು ಬೇರೆಯೇ ಹಟ. ವ್ಯಾಯಾಮ ಮಾಡಿಸಲು ಬರುವಾಕೆ, ಎಡಗಡೆಯೇ ಕೂತು ಮಾತಾಡಿಸಿ, ನೀರು ಗೀರು ಎಲ್ಲ ಎಡಗಡೆಯೇ ಇಡಿ, ಒಂದಲ್ಲ ಒಂದು ದಿನ ಕತ್ತು ತಿರುಗಿಸುತ್ತಾರೆ ಎಂದಿದ್ದಳಂತೆ. ಅತ್ತಿಗೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ತನ್ನ ಹೊಲಿಗೆ ಬುಟ್ಟಿ, ಸ್ಟೂಲು ಎಲ್ಲವನ್ನೂ ಮಂಚದ ಎಡಕ್ಕೆ ತಂದಿಟ್ಟುಕೊಂಡು, ಗಿರಾಕಿಗಳ ಬಟ್ಟೆಗೆ ಗುಂಡಿ ಹಚ್ಚುತ್ತ ದಿನವಿಡೀ ಅಲ್ಲೇ ಕೂರುತ್ತಾಳೆ. ಅವಳ ದನಿ ಕೇಳಿದರೆ ಅಮ್ಮ ಬಲಗಡೆಯ ಬಾಗಿಲು ನೋಡುತ್ತಾಳೆ. ಸೊಸೆ ಅಡುಗೆಮನೆಯಿಂದಲೇ ಕೂಗುತ್ತಾಳೆ, ಹತ್ತಿರ ಸುಳಿಯುವುದಿಲ್ಲ ಎಂದು ನೋಡಲು ಬಂದವರ ಹತ್ತಿರ ದೂರುತ್ತಾಳೆ. ಅತ್ತಿಗೆ ಅದನ್ನು ಕೇಳಿಸಿಕೊಂಡು ದಾರ ಪೋಣಿಸುತ್ತಾಳೆ. ಬಲಕ್ಕೆ ಬಂದು ಕೂತರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ನಾನೊಮ್ಮೆ ಕೇಳಿಯೇಬಿಟ್ಟಿದ್ದೆ. ಆಗಿನಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ.

ಈಗ ನೋಡಿದರೆ, ನಾನು ಮಣ್ಣಾಗಿ ಬಿಟ್ಟಿದ್ದ ಎಡಭಾಗದ ತುಂಬ ಒಂದು ದಾಸವಾಳ! ನಾನು ಬಿಟ್ಟುಹೋಗಿದ್ದ ಡಬ್ಬಿಯ ಕೆಂಪನ್ನು ಕಂದಿನ ಮೇಲೆ ನೇರವಾಗಿ ಬಳಿದಿದ್ದಳು. ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಎಸಳುಗಳೋ, ಎಲೆಕೋಸು. ಸಾಲದ್ದಕ್ಕೆ ಒಂದೆಸಳು ನಡುವನ್ನು ದಾಟಿ ನನ್ನ ನೇರಳೆ ಡೇರೆಯ ಮೇಲೆ ಅಡ್ಡಡ್ಡ ಬಿದ್ದಿತ್ತು. ಉಗುರಿನಿಂದ ಕೆರೆದೆ. ಹಸಿಯಿದ್ದಾಗಲಾದರೆ ಒದ್ದೆ ಬಟ್ಟೆ ಸಾಕಿತ್ತು. ಒಣಗಿದ ಅಕ್ರಿಲಿಕ್ ಪ್ಲಾಸ್ಟಿಕ್ಕೇ ಸರಿ, ಜಪ್ಪಯ್ಯ ಎಂದರೂ ಬರಲಿಲ್ಲ.

ಬಾಯಿಗೆ ಬಂದದ್ದೆಲ್ಲ ಅಂದೆ. ಗುಂಡಿ ಹಚ್ಚುವವರು ಗುಂಡಿ ಹಚ್ಚಿಕೊಂಡಿರಬೇಕು, ಕಂಡವರ ಕೆಲಸದಲ್ಲಿ ಮೂಗು ತೂರಿಸಬಾರದು ಎಂದೆ. ಅಮ್ಮನಿಗೆ ಕಾಣದ ಜಾಗದಲ್ಲಿ ಇದನ್ನು ಬರೆದದ್ದು ಯಾವ ಪುರುಷಾರ್ಥಕ್ಕೆ ಎಂದೆ. ಅತ್ತಿಗೆ ಸ್ಟೂಲಿನಿಂದ ಏಳಲಿಲ್ಲ. ಅವಳ ಮುಖ ಕೆಂಪಗಾಗಿತ್ತು.

"ಕಾಣೋ ಕಡೆಗೇ ಎಲ್ಲಾ ತುಂಬಿಟ್ಟೆ ನೀನು," ಅಂದಳು. "ಇನ್ನು ಅವರು ಈ ಕಡೆ ತಿರುಗೋದಾದ್ರೂ ಯಾಕೆ? ವಾರಕ್ಕೊಂದ್ಸಲ ಬಂದು ಹೂ ತೋರಿಸಿ ಹೋಗ್ತೀಯ. ದಿನಾ ಇಲ್ಲಿ ಇಲ್ಲದವಳ ಹಾಗೆ ಕೂತಿರೋಳು ನಾನು."

ಆ ಮಾತಿಗೆ ನನ್ನ ಕೋಪ ಇಮ್ಮಡಿಯಾಯಿತು. ಚೀಲದಿಂದ ಕಂದು ಬಣ್ಣ ತೆಗೆದು ಬಟ್ಟಲಿಗೆ ಸುರಿದುಕೊಂಡು, ಎಲ್ಲಕ್ಕಿಂತ ಅಗಲದ ಕುಂಚ ಅದ್ದಿದೆ. ಮೊದಲು ಆ ಅಡ್ಡ ಬಿದ್ದ ಎಸಳು, ಆಮೇಲೆ ಇಡೀ ದಾಸವಾಳ, ಎಲ್ಲ ಮಣ್ಣಾಗಲಿ ಎಂದು ಕೈಯೆತ್ತಿದೆ.

"ಡೇರೆ ಮೇಲೆ ಅದೇನೇ ಕೆಂಪು?" ಎಂದಳು ಅಮ್ಮ.

ಅಷ್ಟು ಹೊತ್ತು ನಮ್ಮ ಜಗಳಕ್ಕೂ ತನಗೂ ಸಂಬಂಧವಿಲ್ಲ ಎನ್ನುವಂತೆ ದಿಂಬಿಗೆ ಒರಗಿ ಕೂತಿದ್ದವಳು. ಏನಿಲ್ಲ, ಅಳಿಸುತ್ತೇನೆ ಎಂದೆ.

"ದಾಸವಾಳದ ಎಸಳಲ್ವಾ ಅದು? ಒಂದೇ ಎಸಳು ಹೇಗಿರುತ್ತೆ? ಉಳಿದಿದ್ದೆಲ್ಲಿ?"

ಎತ್ತಿದ ಕೈ ಹಾಗೇ ನಿಂತಿತು. ಅಮ್ಮನ ಗದ್ದ ಒಂದಿಷ್ಟು ಅಲುಗಿತು. ಎಸಳಿನ ಜಾಡು ಹಿಡಿದು ಕಣ್ಣು ಮೆಲ್ಲಗೆ ನಡುಗೆರೆ ದಾಟಿತು. ಕತ್ತಿನ ನರ ಉಬ್ಬಿತು. ಇನ್ನೊಂದು ಎಸಳು, ಮತ್ತೊಂದು, ಕ್ಯಾನ್ವಾಸಿನ ಅಂಚು, ಗೋಡೆ, ಕಿಟಕಿ. ಆಮೇಲೆ ಸ್ಟೂಲು. ಸ್ಟೂಲಿನ ಮೇಲೆ ಅತ್ತಿಗೆ, ಕೈಯಲ್ಲಿ ಯಾರದೋ ಅಂಗಿ.

"ನೀನು ಯಾವಾಗ ಬಂದೆ?" ಎಂದಳು ಅಮ್ಮ.

ಅತ್ತಿಗೆಯ ಬೆರಳಿಗೆ ಸೂಜಿ ಚುಚ್ಚಿತು.

"ಈಗಷ್ಟೇ ಅತ್ತೆ," ಎಂದಳು.

ಈಗಷ್ಟೇ ಅಂತೆ! ಚಳಿಗಾಲದಿಂದ ಅದೇ ಜಾಗದಲ್ಲಿ ಬೇರು ಬಿಟ್ಟು ಕೂತವಳು. ಕಿರುಚಬೇಕೆನಿಸಿತು ನನಗೆ. ಯಾರ ಮೇಲೆ ಎನ್ನುವುದೇ ಗೊತ್ತಾಗಲಿಲ್ಲ. ಕುಂಚದಿಂದ ಕಂದು ಬಣ್ಣ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

ಬರೋದೇ ಅಪರೂಪ ನೀನು, ಸ್ವಲ್ಪ ಹೊತ್ತು ಕೂತಿರು ಎಂದು ಅಮ್ಮ ಅವಳ ಕಡೆ ಕೈ ಚಾಚಿದಳು. ಅಷ್ಟರಲ್ಲಿ ಕತ್ತು ಸೋತಿತು. ತಲೆ ಮತ್ತೆ ಬಲಕ್ಕೆ ವಾಲಿತು.

"ಎಲ್ಲಿ ಹೋದಳು ಇವಳು? ಈಗ ಇಲ್ಲೇ ಇದ್ದಳಲ್ಲ," ಎಂದು ಅಮ್ಮ ಬಾಗಿಲ ಕಡೆ ನೋಡಿದಳು.

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಕಂದು ಕುಂಚವನ್ನು ಕುಂಚ ತೊಳೆಯುವ ನೀರಿಗೆ ಎಸೆದೆ. ಹಳದಿ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ತೆಗೆದೆ. ಉಳಿದಿದ್ದ ಅರ್ಧ ಡೇರೆಯ ಮೇಲೆ, ಅಷ್ಟು ಕಷ್ಟಪಟ್ಟು ತೆಗೆದ ಎಸಳುಗಳ ಮೇಲೆಯೇ, ಹಳದಿ ಬಳಿದೆ.

"ಕೆಂಪಿನ ಕೆಳಗೆ ಮೊದಲು ಹಳದಿ ಹಾಕ್ಬೇಕು, ಇಲ್ಲಾಂದ್ರೆ ಹೀಗೇ ಇಟ್ಟಿಗೆ ಆಗೋದು. ಅಷ್ಟೂ ಗೊತ್ತಿಲ್ವಾ ನಿಮಗೆ?" ಎಂದು ಗದರಿದೆ. "ಅಳೋದು ಆಮೇಲೆ. ಬನ್ನಿ ಇಲ್ಲಿ. ಇನ್ನೊಂದು ಎಸಳು ಈ ಕಡೆ ಎಳೀರಿ."