ಘಟ್ಟ ಹತ್ತದ ಕಾರು

ಕೆನೆಬಣ್ಣದ, ನಾಲ್ಕು ಬಾಗಿಲಿನ ಸಣ್ಣ ಕಾರು ನಾನು. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಅಲ್ಲಿಯ ನೆನಪೆಂದರೆ ಬೆಸುಗೆಯ ಕಿಡಿ, ಹಸಿ ಬಣ್ಣದ ವಾಸನೆ, ಕಿವಿಗಡಚಿಕ್ಕುವ ಸದ್ದು. ಒಬ್ಬರು ಬಾಗಿಲು ಕೂರಿಸಿದರು, ಇನ್ನೊಬ್ಬರು ಗಾಜು ಹಾಕಿದರು. ಕೊನೆಗೆ ಯಾರೋ ಒಂದಿಷ್ಟು ಪೆಟ್ರೋಲು ಕುಡಿಸಿ ಕೀಲಿ ತಿರುವಿದಾಗ ನನ್ನ ಮೈಯೆಲ್ಲ ಒಮ್ಮೆ ನಡುಗಿತು. ಅಂದಿನಿಂದ ನನ್ನ ಆಯುಷ್ಯದ ಲೆಕ್ಕ ಶುರುವಾಯಿತು.

ನನ್ನ ಮೊದಲ ಯಜಮಾನರು ಶಿರಸಿಯ ಒಬ್ಬ ಡಾಕ್ಟರು. ಅವರದು ಘಟ್ಟದ ಮೇಲೊಂದು ದವಾಖಾನೆ, ಘಟ್ಟದ ಕೆಳಗೆ ಕುಮಟೆಯಲ್ಲೊಂದು. ಸದಾ ಅವಸರದ ಮನುಷ್ಯ. ನನ್ನನ್ನು ತೊಳೆಸುತ್ತಿದ್ದುದು ಹಬ್ಬಕ್ಕೊಮ್ಮೆ, ಓಡಿಸುತ್ತಿದ್ದುದು ಮಾತ್ರ ದಿನವೂ. ತಿರುವುಗಳಲ್ಲಿ ಹಾರ್ನ್ ಹೊಡೆಯುತ್ತ, ಯಾವುದೋ ಹಳೆಯ ಹಾಡು ಗುನುಗುತ್ತ ಅವರು ಘಟ್ಟ ಏರುವಾಗ ನನಗೆ ಏದುಸಿರು ಬರುತ್ತಿತ್ತು, ಸುಖವೂ ಆಗುತ್ತಿತ್ತು. ಕೆಲವು ವರ್ಷಗಳ ಮೇಲೆ ಅವರು ದೊಡ್ಡ ಕಾರು ಕೊಂಡರು. ನನ್ನನ್ನು ಹುಬ್ಬಳ್ಳಿಯ ದಾನಪ್ಪ ಕುಸೂಗಲ್ ಎಂಬವರಿಗೆ ಮಾರಿದರು.

"ಘಟ್ಟಕ್ಕೆ ಹೆದರೋ ಗಾಡಿ ಅಲ್ಲ ಇದು," ಎಂದು ಕೀಲಿ ಕೊಡುವಾಗ ಡಾಕ್ಟರು ಹೇಳಿದ್ದರು. "ಓಡಿಸಿದಷ್ಟೂ ಚೆನ್ನಾಗಿರ್ತದೆ."

ದಾನಪ್ಪನವರಿಗೆ ದುರ್ಗದಬೈಲಿನಲ್ಲಿ ಕನ್ನಡಕದ ಅಂಗಡಿ. ಮನೆ ಉಣಕಲ್ಲಿನಲ್ಲಿ. ಮೆದು ಮಾತಿನ, ಅಚ್ಚುಕಟ್ಟಿನ ಮನುಷ್ಯ. ಗಾಜು ಒರೆಸುವ ಹಳದಿ ಬಟ್ಟೆಯಿಂದಲೇ ದಿನಾ ಬೆಳಿಗ್ಗೆ ನನ್ನ ಮೈ ಒರೆಸುತ್ತಿದ್ದರು. ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ. ಸ್ಟೇರಿಂಗನ್ನು ಎರಡೂ ಕೈಯಲ್ಲಿ, ತುಂಬಿದ ಕೊಡ ಹಿಡಿದ ಹಾಗೆ ಹಿಡಿಯುತ್ತಿದ್ದರು. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ. ಸೋಮವಾರ ಹೆಂಡತಿಯ ಜೊತೆ ಸಿದ್ಧಾರೂಢರ ಮಠ. ನಾಲ್ಕನೇ ಗೇರೆಂಬುದೊಂದು ಇದೆಯೆಂದು ನನಗೇ ಮರೆತುಹೋಗುವಷ್ಟು ನಿಧಾನ. ಮನೆಗೆ ಬಂದೊಡನೆ ಮೈಮೇಲೆ ಹೊದಿಕೆ. ಯಾರು ನೋಡಿದರೂ, "ಏನ್ರಿ, ಷೋರೂಮಿನಿಂದ ಈಗ ತಂದಂಗೈತಿ!" ಎನ್ನುತ್ತಿದ್ದರು. ನನಗೂ ಹೆಮ್ಮೆಯೆನಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಅವರ ಹೆಂಡತಿ ದಾಕ್ಷಾಯಣಿ. ಆಕೆಗೆ ತವರಿನ ಕಡೆಯಿಂದ ಉಳಿದಿದ್ದವಳು ಒಬ್ಬಳೇ ಅಕ್ಕ, ಲೀಲಕ್ಕ. ಅಂಕೋಲೆಯಲ್ಲಿ ಮಾಸ್ತರರಾಗಿದ್ದ ಗಂಡ ತೀರಿಕೊಂಡ ಮೇಲೂ ಲೀಲಕ್ಕ ಮಗ ಸೊಸೆಯ ಜೊತೆ ಅಲ್ಲಿಯೇ ಉಳಿದಿದ್ದಳು. ಅವಳಿಗೆ ಮಂಡಿನೋವು, ಬಸ್ಸು ಹತ್ತುವ ಹಾಗಿರಲಿಲ್ಲ. ವಾರಕ್ಕೊಮ್ಮೆ ಅಕ್ಕತಂಗಿಯರ ಫೋನು. ಫೋನು ಇದ್ದದ್ದು ಕಿಟಕಿಯ ಪಕ್ಕ, ನಾನು ನಿಲ್ಲುತ್ತಿದ್ದುದು ಅದೇ ಕಿಟಕಿಯ ಕೆಳಗೆ.

"ಬರ್ತೀನಿ ಅಕ್ಕಾ, ಬಂದೇ ಬರ್ತೀನಿ. ಬಸ್ಸಿನಾಗಲ್ಲ, ನಮ್ಮ ಕಾರಿನಾಗ ನಿಮ್ಮ ಗೇಟಿನ ಒಳಗ ಬಂದು ಇಳೀತೀನಿ, ನೋಡೀಯಂತ." ನಾನು ಆ ಮನೆಗೆ ಬಂದ ವಾರವೇ ದಾಕ್ಷಾಯಣಿ ಹೀಗೆ ಹೇಳಿದ್ದು ನನಗೆ ನೆನಪಿದೆ.

ಅಂಕೋಲೆಗೆ ಹೋಗಬೇಕಾದರೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು. ಅದೊಂದು ರೂಢಿಯಾಗಲಿ ಎಂದು ದಾನಪ್ಪನವರು ಒಂದು ಭಾನುವಾರ ಯಾರಿಗೂ ಹೇಳದೆ ನನ್ನನ್ನು ಅಲ್ಲಿಯವರೆಗೆ ಒಯ್ದರು. ಘಟ್ಟ ಶುರುವಾಗುವಲ್ಲಿ ಮೊದಲ ತಿರುವು. ಕೆಳಗಿನಿಂದ ಸರಕು ತುಂಬಿದ ಲಾರಿಯೊಂದು ಹಾರ್ನ್ ಬಾರಿಸುತ್ತ, ಇಡೀ ರಸ್ತೆ ತನ್ನದೇ ಎಂಬಂತೆ ಮೇಲೇರಿ ಬಂತು. ದಾನಪ್ಪನವರು ನನ್ನನ್ನು ಬದಿಗೆ ಒತ್ತಿ ನಿಲ್ಲಿಸಿದರು. ಅವರ ಅಂಗೈ ಬೆವರಿ ಸ್ಟೇರಿಂಗು ಜಾರುತ್ತಿತ್ತು. ನಂತರ ನೀರು ಕುಡಿದು, ಮುಖ ಒರೆಸಿಕೊಂಡು, ನನ್ನನ್ನು ತಿರುಗಿಸಿದರು.

ಮನೆಯಲ್ಲಿ ಹೆಂಡತಿಗೆ ಹೇಳಿದ್ದು ಬೇರೆ. "ಘಟ್ಟದ ತನಕ ಹೋಗಿ ನೋಡಿ ಬಂದೆ. ಗಾಡಿ ಬಿಸಿ ಆತು. ಇಳಿಯೂದೇನು ಇಳೀತೈತಿ, ತಿರುಗಿ ಹತ್ತಬೇಕಲ್ಲ? ನಡುವ ನಿಂತ್ರ ಏನ್ಮಾಡೂದು?"

ನಾನು ಬಿಸಿಯಾಗಿರಲಿಲ್ಲ. ಆದರೆ ಕಾರಿಗೆ ಬಾಯಿ ಎಲ್ಲಿದೆ?

ಆಮೇಲೆ ಅದೇ ಮಾತು ಆ ಮನೆಯಲ್ಲಿ ಬೇರೂರಿತು. ದೀಪಾವಳಿ ಬಂದರೆ, "ಈ ಸಲ ಆಗೂದಿಲ್ಲ, ಗಾಡಿಗೆ ಘಟ್ಟ ತಡಿಯೂದಿಲ್ಲ." ಬೇಸಿಗೆ ಬಂದರೆ, "ಬಿಸಲಾಗ ಎಂಜಿನ್ ಕುಂತಬಿಡತೈತಿ." ಮಳೆಗಾಲದಲ್ಲಂತೂ ಮಾತೇ ಇಲ್ಲ. ನೆರೆಯವರೂ ಹಾಗೆಯೇ ನಂಬಿದರು. ನಾನು ಘಟ್ಟ ಹತ್ತದ ಕಾರು ಎನಿಸಿಕೊಂಡೆ. ಬಸ್ಸಿಗೆ ಹೋಗಿಬರೋಣ ಎಂದು ದಾನಪ್ಪನವರು ಒಂದೆರಡು ಸಲ ಹೇಳದೆಯೂ ಇರಲಿಲ್ಲ. ದಾಕ್ಷಾಯಣಿ ಒಪ್ಪಲಿಲ್ಲ. "ಇರಲಿ ಬಿಡ್ರಿ, ಮುಂದ ನೋಡೂಣು," ಎಂದು ಒಳಗೆ ಹೋಗುತ್ತಿದ್ದಳು.

ಒಂದು ಮಳೆಗಾಲದ ಬೆಳಿಗ್ಗೆ ಫೋನು ಬಂತು. ಮಾತಾಡಿದ್ದು ಲೀಲಕ್ಕನ ಮಗ. ಒಳಗಿಂದ ದಾಕ್ಷಾಯಣಿಯ ಕೂಗು ಕೇಳಿಸಿತು. ದಾನಪ್ಪನವರು ಹೊರಗೆ ಓಡಿ ಬಂದು ನನ್ನ ಹೊದಿಕೆಯ ಒಂದು ತುದಿ ಎತ್ತಿದರು. ಈಗ ಹೊರಡುತ್ತೇವೆ ಎಂದುಕೊಂಡೆ. ಅವರು ಹೊದಿಕೆ ಹಿಡಿದುಕೊಂಡೇ ಒಂದು ಕ್ಷಣ ನಿಂತರು. ಆಮೇಲೆ ಕೈ ಬಿಟ್ಟರು. ಆಟೋ ಹತ್ತಿ ಇಬ್ಬರೂ ಬಸ್ ನಿಲ್ದಾಣಕ್ಕೆ ಹೋದರು. ಆ ದಿನ ಘಟ್ಟದಲ್ಲಿ ಮಣ್ಣು ಕುಸಿದು ವಾಹನಗಳು ಸಾಲುಗಟ್ಟಿದ್ದವಂತೆ. ಅವರ ಬಸ್ಸು ಅಂಕೋಲೆ ಮುಟ್ಟುವಷ್ಟರಲ್ಲಿ ಲೀಲಕ್ಕನನ್ನು ಮಣ್ಣು ಮಾಡಿ ಮುಗಿದಿತ್ತು. ಊರಾಚೆಯ ರುದ್ರಭೂಮಿಗೇ ಹೋಗಿ, ಹಸಿಮಣ್ಣಿನ ಮೇಲೆ ಹೂವಿಟ್ಟು, ಅಲ್ಲಿಂದಲೇ ಹೊರಟು ಬಸ್ಸು ಹಿಡಿದು ವಾಪಸು ಬಂದರು. ಮನೆಗೂ ಹೋಗಲಿಲ್ಲ. ಅಕ್ಕನಿಲ್ಲದ ಮನೆ ನೋಡಲಾರೆ ಎಂದಳಂತೆ ದಾಕ್ಷಾಯಣಿ.

ಆಕೆ ಆಮೇಲೆ ಎಲ್ಲಿಗೂ ಹೋಗೋಣ ಎನ್ನಲಿಲ್ಲ. ಸೋಮವಾರ ಮಠಕ್ಕೆ ಹೋಗುವಾಗಲೂ ನನ್ನ ಕಿಟಕಿಯ ಗಾಜು ಇಳಿಸುತ್ತಿರಲಿಲ್ಲ.

ಮರುವರ್ಷ ನನ್ನ ನೋಂದಣಿ ನವೀಕರಿಸುವ ಕಾಲ ಬಂತು. ಅದಕ್ಕೆ ಮೊದಲು ಎಮಿಷನ್ ಟೆಸ್ಟ್ ಪಾಸಾಗಬೇಕು. ದಾನಪ್ಪನವರು ನನ್ನನ್ನು ಥಳಥಳ ಒರೆಸಿ ಪೆಟ್ರೋಲ್ ಬಂಕಿನ ಪಕ್ಕದ ತಪಾಸಣೆಯ ವ್ಯಾನಿನ ಹತ್ತಿರ ಒಯ್ದರು. ಅಲ್ಲಿಯವನು ನನ್ನ ಸೈಲೆನ್ಸರಿನೊಳಗೆ ಉದ್ದನೆಯ ನಳಿಕೆಯೊಂದನ್ನು ತೂರಿಸಿದ. ಡಾಕ್ಟರು ರೋಗಿಯ ಬಾಯಿಗೆ ಥರ್ಮಾಮೀಟರ್ ಇಡುತ್ತಿದ್ದುದು ನೆನಪಾಯಿತು. ಪರದೆಯ ಮೇಲೆ ಅಂಕಿಗಳು ಏರುತ್ತ ಹೋದವು.

"ಫೇಲ್ ಐತ್ರಿ," ಎಂದ ಅವನು. "ಮೇಲ ನೋಡಿದ್ರ ಮದುವಿ ಮದಲಿಂಗನಂಗ ಐತಿ. ಹೊಗಿ ನೋಡಿದ್ರ ಹಳೇ ಲಾರೀದು. ರಿಪೇರಿ ಮಾಡಿಸಿ ಬರ್ರಿ."

ದಾನಪ್ಪನವರ ಮುಖ ಸಣ್ಣದಾಯಿತು. ಗ್ಯಾರೇಜಿನ ಮಕ್ತುಮಸಾಬ ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಪ್ಲಗ್ಗು ಬದಲಿಸಿದ, ಗಾಳಿಯ ಫಿಲ್ಟರ್ ಹೊಸದು ಹಾಕಿದ. ಮತ್ತೆ ಹೋದೆವು. ಅಂಕಿ ಸ್ವಲ್ಪ ಇಳಿದಿತ್ತು, ಸಾಲದು. ಮತ್ತೆ ಫೇಲು. ಆ ದಿನ ಸೋಮವಾರ. ಮಠಕ್ಕೆಂದು ಹೊರಟಿದ್ದ ದಾಕ್ಷಾಯಣಿಯೂ ಮುಂದಿನ ಸೀಟಿನಲ್ಲಿದ್ದಳು. ಅಲ್ಲಿಂದ ನೇರ ಗ್ಯಾರೇಜಿಗೆ ಬಂದೆವು.

ಮಕ್ತುಮಸಾಬ ಎಂಜಿನ್ನಿನ ಸದ್ದನ್ನು ಇನ್ನೊಮ್ಮೆ ಕೇಳಿ ಬಾನೆಟ್ಟು ಮುಚ್ಚಿದ. "ನಾ ಮಾಡೂದು ಇನ್ನೇನೂ ಇಲ್ರಿ ಸರ. ಗಾಡಿಗೆ ರೋಗ ಇಲ್ಲ, ಓಡೇ ಇಲ್ಲ ಇದು. ಮೆತ್ತಗ ಮೆತ್ತಗ ಓಡಿಸಿ ಒಳಗೆಲ್ಲ ಮಸಿ ಕಟ್ಟೈತಿ. ಉದ್ದಾನ ರಸ್ತೆಕ್ಕ ಬಿಟ್ಟು ಕಾಲು ಒತ್ತಿ ಓಡಿಸ್ರಿ. ಅರಬೈಲ್ ಘಟ್ಟ ಒಂದು ಇಳದು ಹತ್ತಿಸಿಬಿಡ್ರಿ, ಮಸಿ ಸುಟ್ಟು ತಾನ ಹೊರಗ ಬರ್ತೈತಿ."

"ಹತ್ತತೈತೇನು ಇದು?" ದಾನಪ್ಪನವರ ದನಿ ಇಳಿದಿತ್ತು.

"ಯಾಕ ಹತ್ತೂದಿಲ್ರಿ?" ಮಕ್ತುಮಸಾಬ ನಕ್ಕ. "ಎಂಜಿನ್ ಕಲ್ಲಿದ್ದಂಗ ಐತಿ."

ದಾಕ್ಷಾಯಣಿ ಮಡಿಲಲ್ಲಿದ್ದ ಹೂವಿನ ಪೊಟ್ಟಣವನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಭಾನುವಾರ ಬೆಳಿಗ್ಗೆ ದಾನಪ್ಪನವರು ಒಬ್ಬರೇ ಹೊರಡುವವರಿದ್ದರು. ಹೊದಿಕೆ ಮಡಚಿಟ್ಟು ತಿರುಗಿದರೆ, ದಾಕ್ಷಾಯಣಿ ಇಳಕಲ್ ಸೀರೆಯುಟ್ಟು, ಬುತ್ತಿಯ ಚೀಲ ಹಿಡಿದು ನಿಂತಿದ್ದಳು.

"ನಾನೂ ಬರ್ತೀನಿ. ಅಂಕೋಲಾಕ್ಕ ಹೋಗೂಣು."

"ಅಲ್ಲಿ ಈಗ..." ಎಂದವರು ನಿಲ್ಲಿಸಿದರು.

"ಲೀಲಕ್ಕನ ಮನಿ ಐತೆಲ್ಲ."

ಕಲಘಟಗಿ ದಾಟಿದ ಮೇಲೆ ರಸ್ತೆ ಖಾಲಿಯಿತ್ತು. ದಾನಪ್ಪನವರು ಅಳುಕುತ್ತಲೇ ನಾಲ್ಕನೇ ಗೇರಿಗೆ ಹಾಕಿದರು. ಮೊದಮೊದಲು ನಾನು ಕೆಮ್ಮಿದೆ, ಹಿಂದೆ ಕಪ್ಪು ಹೊಗೆ ಬಿಟ್ಟೆ. ಯಲ್ಲಾಪುರ ಬರುವಷ್ಟರಲ್ಲಿ ಉಸಿರು ಸಲೀಸಾಯಿತು. ಘಟ್ಟದ ಮೊದಲ ತಿರುವಿನಲ್ಲಿ ಅವರ ಕೈ ಮತ್ತೆ ಬೆವರಿತು. ಅಂದು ನಿಲ್ಲಿಸಿದ್ದ ಜಾಗ ಹಿಂದೆ ಸರಿಯಿತು. ಎರಡನೇ ಗೇರಿನಲ್ಲಿ, ಒಂದೊಂದೇ ತಿರುವು ದಾಟುತ್ತ, ಹಿಂದಿನವರ ಹಾರ್ನಿಗೆಲ್ಲ ದಾರಿ ಬಿಡುತ್ತ, ಮಧ್ಯಾಹ್ನದ ಮೊದಲೇ ಅಂಕೋಲೆ ಮುಟ್ಟಿದೆವು.

ಲೀಲಕ್ಕನದು ಹೆಂಚಿನ ಸಣ್ಣ ಮನೆ. ಸುತ್ತ ಚಿರೆಕಲ್ಲಿನ ಕಾಂಪೌಂಡು. ಅಷ್ಟು ಸಣ್ಣ ಮನೆಗೆ ಗೇಟು ಮಾತ್ರ ಎರಡು ರೆಕ್ಕೆಯದು, ಅಗಲವಾದದ್ದು. ದಾನಪ್ಪನವರು ರಸ್ತೆಯಲ್ಲೇ ನಿಲ್ಲಿಸಿದರು. ಸದ್ದು ಕೇಳಿ ಲೀಲಕ್ಕನ ಸೊಸೆ ರೋಹಿಣಿ ಹೊರಗೆ ಬಂದಳು. ದಾಕ್ಷಾಯಣಿಯನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿಗೆ ಸೆರಗು ಹಿಡಿದು ಓಡಿ ಹೋಗಿ ಗೇಟಿನ ಎರಡೂ ರೆಕ್ಕೆ ತೆಗೆದಳು. ಒಂದು ರೆಕ್ಕೆ ತುಕ್ಕು ಹಿಡಿದು ಕಿರುಗುಟ್ಟಿತು.

"ಒಳಗೆ ತನ್ನಿ, ಒಳಗೇ ತನ್ನಿ," ಎಂದಳು. "ಸಣ್ಣತ್ತೆ, ಈ ಗೇಟು ಅತ್ತೆ ಮಾಡ್ಸಿದ್ದು ನಿಮ್ಮ ಕಾರಿಗೇ. ಮೊದ್ಲು ಒಬ್ರು ಹೋಗೋವಷ್ಟೇ ಇತ್ತು. ತಂಗಿ ಕಾರು ಒಳಗೆ ಬರ್ಬೇಕು ಅಂತ ಗೋಡೆ ಒಡೆಸಿ ಅಗಲ ಮಾಡ್ಸಿದ್ರು. ನಮ್ಮನೇಲಿ ಸೈಕಲ್ಲು ಬಿಟ್ರೆ ಬೇರೆ ಏನಿತ್ತು ಹೇಳಿ?"

ದಾನಪ್ಪನವರು ನನ್ನನ್ನು ಒಳಗೆ ತಂದರು. ಎರಡೂ ಬದಿಗೆ ಧಾರಾಳವಾಗಿ ಜಾಗವಿತ್ತು. ಯಾರೋ ಗಾಲಿ ಹೂತುಹೋಗದಿರಲೆಂದು ನೆಲಕ್ಕೆ ಚಪ್ಪಡಿ ಹಾಸಿಸಿದ್ದರು. ಅದರ ಮೇಲೆ ಈಗ ಪಾಚಿ ಕಟ್ಟಿತ್ತು, ಸಂದುಗಳಲ್ಲಿ ಹುಲ್ಲು ಬೆಳೆದಿತ್ತು. ನನ್ನ ಗಾಲಿ ನಾಲ್ಕೂ ಆ ಚಪ್ಪಡಿಗಳ ಮೇಲೆಯೇ ಸರಿಯಾಗಿ ನಿಂತವು. ದಾಕ್ಷಾಯಣಿ ಬಾಗಿಲು ತೆಗೆದು ಕಾಲು ಹೊರಗಿಟ್ಟವಳು ಇಳಿಯಲಿಲ್ಲ. ಹಾಗೇ ಕುಳಿತು ಅತ್ತಳು. ದಾನಪ್ಪನವರು ಈ ಬದಿಯಲ್ಲಿ ಇಳಿದು, ಏನು ಮಾಡಬೇಕೆಂದು ತಿಳಿಯದೆ, ಜೇಬಿನಿಂದ ಹಳದಿ ಬಟ್ಟೆ ತೆಗೆದು ನನ್ನ ಬಾನೆಟ್ಟಿನ ಮೇಲಿನ ಧೂಳು ಒರೆಸತೊಡಗಿದರು. ಅಲ್ಲಿ ಧೂಳಿರಲಿಲ್ಲ.

ಬಿಸಿಲು ಇಳಿದ ಮೇಲೆ ಹೊರಟೆವು. ಈಗ ಹತ್ತುವ ಸರದಿ. ಮೊದಲ ಏರಿನಲ್ಲಿ ದಾನಪ್ಪನವರು ಕಾಲು ಒತ್ತಿದರು. ನನ್ನ ಎದೆಯೊಳಗೆ ವರ್ಷಗಳಿಂದ ಕಟ್ಟಿದ್ದ ಮಸಿ ಕಾದು, ಸಿಡಿದು, ಹೊಗೆಯಾಗಿ ಹೋಗುವುದು ನನಗೇ ತಿಳಿಯುತ್ತಿತ್ತು. ಒಂದು ತಿರುವು, ಇನ್ನೊಂದು ತಿರುವು. ಬಿಸಿ ತೋರಿಸುವ ಸೂಜಿ ಕೆಂಪು ಗೆರೆಯತ್ತ ಹೋಗಲೇ ಇಲ್ಲ. ಕಲ್ಲು ತುಂಬಿದ ಎರಡು ಲಾರಿಗಳನ್ನು ನಾವೇ ಹಿಂದೆ ಹಾಕಿದೆವು. ಘಟ್ಟದ ತಲೆ ಮುಟ್ಟಿದಾಗ ನನಗೆ ಏದುಸಿರೂ ಇರಲಿಲ್ಲ.

ಅಲ್ಲೊಂದು ಚಹಾದ ಅಂಗಡಿ. ದಾನಪ್ಪನವರು ಅದರ ಎದುರು ನಿಲ್ಲಿಸಿ ಕೀಲಿ ತಿರುವಿದರು. ಎಂಜಿನ್ ಆರಿತು. ಇಬ್ಬರೂ ಇಳಿಯಲಿಲ್ಲ.

"ಹತ್ತಿತಲ್ರೀ," ಎಂದಳು ದಾಕ್ಷಾಯಣಿ.

ದಾನಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇದು ಯಾವತ್ತಿದ್ರೂ ಹತ್ತತಿತ್ತ. ನಾನ ಅಂಜಿದ್ದೆ. ಅದನ್ನ ಗಾಡೀ ಮ್ಯಾಲೆ ಹಾಕಿದೆ."

"ಗೊತ್ತಿತ್ರಿ ನನಗ."

ಅವರು ತಿರುಗಿ ನೋಡಿದರು. "ಗೊತ್ತಿದ್ದೂ ಯಾಕ ಸುಮ್ಮನಿದ್ದಿ?"

"ಅಂಜ್ತೀರಿ ಅಂತ ನಾ ಹೆಂಗ ಅನ್ಲಿ ನಿಮಗ? ನೀವ ಹೇಳ್ತೀರಿ ಅಂತ ಕಾದೆ." ಆಕೆ ಮತ್ತೆ ಹೇಳಿದಳು, "ನನ್ನ ತಪ್ಪೂ ಐತ್ರಿ. ನೀವು ಬಸ್ಸಿಗೆ ಹೋಗೂಣು ಅಂದಿದ್ರಿ. ಕಾರಿನಾಗ ಬರ್ತೀನಿ ಅಂತ ಅಕ್ಕನ ಮುಂದ ಜಂಬ ಕೊಚ್ಚಿದ್ನೆಲ್ಲ, ಅದಕ್ಕ ಹಟ ಹಿಡದೆ. ಆಕಿ ನೋಡಿದ್ರ ಗೋಡಿ ಒಡಸಿ ಕುಂತಿದ್ಲು."

ಚಹಾ ಅಂಗಡಿಯವನು ಎರಡು ಲೋಟ ತಂದು ಕಿಟಕಿಯಲ್ಲಿ ಹಿಡಿದ. ಇಸಿದುಕೊಂಡರು. ಕುಡಿದರೋ ಇಲ್ಲವೋ ನನಗೆ ಕಾಣಿಸಲಿಲ್ಲ.

ಮರುದಿನ ತಪಾಸಣೆಯವನು ಮತ್ತೆ ನಳಿಕೆ ತೂರಿಸಿದ. ಅಂಕಿಗಳು ಅರ್ಧಕ್ಕೇ ನಿಂತುಬಿಟ್ಟವು. "ಪಾಸ್ ಐತ್ರಿ! ಏನ್ ಮಾಡಿಸಿದ್ರಿ?" ಎಂದು ಅಚ್ಚರಿಪಟ್ಟ.

"ಏನಿಲ್ಲ," ಎಂದರು ದಾನಪ್ಪನವರು. "ಒಮ್ಮೆ ಊರಿಗೆ ಹೋಗಿ ಬಂದ್ವಿ."

ಅದಾದ ಮೇಲೆ ಅವರು ನನ್ನನ್ನು ಚೆನ್ನಾಗಿಯೇ ಓಡಿಸಿದರು. ಬಾದಾಮಿಗೆ ಹೋದೆವು, ಗೋಕರ್ಣಕ್ಕೆ ಹೋದೆವು. ಟೆಸ್ಟಿನಲ್ಲಿ ಮತ್ತೆಂದೂ ಫೇಲಾಗಲಿಲ್ಲ. ಆದರೆ ಅಂಕೋಲೆಯ ಫಲಕ ಕಂಡಾಗಲೆಲ್ಲ ಕಾರಿನೊಳಗೆ ಮಾತು ನಿಲ್ಲುತ್ತಿತ್ತು. ಎಷ್ಟು ಜೋರಾಗಿ ಓಡಿದರೂ ನಾನು ಲೀಲಕ್ಕ ಇದ್ದ ಕಾಲಕ್ಕೆ ಹಿಂದಕ್ಕೆ ಹೋಗಿ ಮುಟ್ಟಲಾರೆನಲ್ಲ.

ಬರಬರುತ್ತ ನನ್ನ ಬಿಡಿಭಾಗಗಳು ಸಿಗುವುದು ನಿಂತಿತು. ದಾನಪ್ಪನವರ ಕಣ್ಣೂ ಮಂಜಾಯಿತು. ಗುಜರಿಗೆ ಕೊಡಲು ಮನಸ್ಸಾಗದೆ ನನ್ನನ್ನು ಹುಬ್ಬಳ್ಳಿಯದೇ ಒಂದು ತಾಂತ್ರಿಕ ಶಾಲೆಗೆ ಕೊಟ್ಟುಬಿಟ್ಟರು. ಈಗ ಅದರ ಷೆಡ್ಡಿನ ಮೂಲೆಯಲ್ಲಿದ್ದೇನೆ. ನನ್ನ ಎಂಜಿನ್ ಪಕ್ಕದ ಕಬ್ಬಿಣದ ಸ್ಟ್ಯಾಂಡಿನ ಮೇಲಿದೆ. ವರ್ಷಕ್ಕೊಮ್ಮೆ ಕಲಿಯುವ ಹುಡುಗರು ಅದನ್ನು ಬಿಚ್ಚುತ್ತಾರೆ, ಜೋಡಿಸುತ್ತಾರೆ, ಒಮ್ಮೆ ಚಾಲೂ ಮಾಡಿ ನೋಡಿ ಆರಿಸುತ್ತಾರೆ. ಅಷ್ಟು ಹೊತ್ತು ನಾನು ಎಲ್ಲಿಗಾದರೂ ಹೊರಟಂತೆ ಅನಿಸುತ್ತದೆ. ರಸ್ತೆಗಳು ಇದ್ದಲ್ಲೇ ಇರುತ್ತವೆ, ಇಂದಲ್ಲ ನಾಳೆ ಹೋಗಬಹುದು. ರಸ್ತೆಯ ಆ ತುದಿಯಲ್ಲಿ ದಾರಿ ಕಾಯುವವರು ಹಾಗೆ ಇರುವುದಿಲ್ಲ. ಬೇರೆ ಏನು ಮರೆತರೂ ಇದೊಂದು ಮರೆಯುತ್ತಿಲ್ಲ.

ನನ್ನನ್ನು ಇಲ್ಲಿಗೆ ಒಪ್ಪಿಸಿದ ದಿನ ಕನ್ನಡಿ ಇನ್ನೂ ನನ್ನ ಮೈಮೇಲೇ ಇತ್ತು. ಅದರಲ್ಲಿ ಅವರಿಬ್ಬರೂ ಗೇಟಿನತ್ತ ನಡೆದು ಹೋಗುವುದು ಕಾಣಿಸುತ್ತಿತ್ತು. ದಾನಪ್ಪನವರು ನಾಲ್ಕು ಹೆಜ್ಜೆ ಮುಂದಿದ್ದರು. ಗೇಟಿನ ಹತ್ತಿರ ನಿಂತು ತಿರುಗಿ ನೋಡಿದರು. ದಾಕ್ಷಾಯಣಿ ನಿಧಾನವಾಗಿ ಬರುತ್ತಿದ್ದಳು. ಅವರು ಬಾ ಎಂದು ಕರೆಯಲಿಲ್ಲ, ಹಿಂದಕ್ಕೆ ನಡೆದು ಬಂದು ಆಕೆಯ ಪಕ್ಕದಲ್ಲಿ ನಿಂತರು. ಆಮೇಲೆ ಇಬ್ಬರೂ ಕೂಡಿಯೇ ಗೇಟು ದಾಟಿದರು.