ಅಮೀನ್‌ಸಾಬನ ನಿದ್ದೆ

ಸಿಂಧನೂರಿನ ರೈಸ್‌ಮಿಲ್ಲೊಂದರಲ್ಲಿ ಅಮೀನ್‌ಸಾಬ್ ಹತ್ತು ವರ್ಷ ರಾತ್ರಿ ಕಾವಲು ಕಾದ. ಅವನು ತೂಕಡಿಸಿದ್ದನ್ನು ಒಬ್ಬರೂ ಕಂಡಿರಲಿಲ್ಲ. ಮಿಲಿಟರಿ ಮನುಷ್ಯ, ಅದಕ್ಕೇ ಅಷ್ಟು ಎಚ್ಚರ ಎಂದು ಹಮಾಲರು ಹೊಗಳುತ್ತಿದ್ದರು. ಅದು ಎಚ್ಚರವಲ್ಲ, ಮಲಗಲು ಹೆದರಿಕೆ ಎಂಬುದು ಹತ್ತಿರದ ಮುಕ್ಕುಂದ ಹಳ್ಳಿಯ ಮನೆಯಲ್ಲಿದ್ದ ಹೆಂಡತಿ ಗುಲ್ಷನ್‌ಬೀಗೆ ಮಾತ್ರ ಗೊತ್ತಿತ್ತು.

ಸೈನ್ಯದಲ್ಲಿ ಅವನು ಲಾರಿ ಓಡಿಸುತ್ತಿದ್ದ. ಗಡಿಯ ಗುಡ್ಡಗಾಡಿನಲ್ಲಿ ಒಂದು ಬೆಳಿಗ್ಗೆ ಅವನಿಗೆ ಜ್ವರ ಬಂತು. ಬದಲಿಗೆ ಜೊತೆಯ ಡ್ರೈವರ್, ಗೆಳೆಯ, ಮಸ್ಕಿಯ ಮಾಳಿಂಗಪ್ಪ ಅವನ ಲಾರಿ ಹತ್ತಿದ. ರಸ್ತೆಯಡಿ ಹೂತಿಟ್ಟಿದ್ದ ಬಾಂಬು ಸಿಡಿಯಿತು. ಹಿಂದಿನ ಗಾಡಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಮೀನ್‌ಸಾಬ್ ಓಡಿಬಂದು ಉರಿಯುವ ಲಾರಿಯ ಬಾಗಿಲು ಜಗ್ಗಿದ. ಅದು ತೆರೆಯಲಿಲ್ಲ.

ನಿವೃತ್ತನಾಗಿ ಊರಿಗೆ ಬಂದ ಮೇಲೂ ಅದೇ ಬಾಗಿಲು ದಿನಾ ಕನಸಿಗೆ ಬರತೊಡಗಿತು. ಒಂದು ರಾತ್ರಿ ಬಾಗಿಲು ಜಗ್ಗುತ್ತಿದ್ದೇನೆಂದುಕೊಂಡು ಪಕ್ಕದಲ್ಲಿದ್ದ ಹೆಂಡತಿಯ ತೋಳು ಜಗ್ಗಿದ. ಮೂಳೆ ಮುರಿಯಿತು. ದವಾಖಾನೆಯಲ್ಲಿ ಗುಲ್ಷನ್‌ಬೀ, ಕಾಲುವೆ ಮೆಟ್ಟಿಲ ಮೇಲೆ ಜಾರಿ ಬಿದ್ದೆ ಎಂದಳು. ಅವನು ಮರುದಿನವೇ ರಾತ್ರಿ ಕೆಲಸ ಹುಡುಕಿಕೊಂಡ. ಅಂದಿನಿಂದ ಹಗಲಲ್ಲಿ ಗೋಡೆಗೆ ಒರಗಿ ಒಂದೆರಡು ತಾಸು ಕಣ್ಣು ಮುಚ್ಚಿದರೆ ಅದೇ ಅವನ ನಿದ್ದೆ.

ಲಿಂಗಸುಗೂರಿನ ದವಾಖಾನೆಯಲ್ಲಿ ಮಾಜಿ ಸೈನಿಕರ ನಿದ್ದೆಯ ಬಗ್ಗೆ ಅಧ್ಯಯನ ನಡೆಸುತ್ತಿದ್ದಾರೆ ಎಂದು ಕೇಳಿ ಗುಲ್ಷನ್‌ಬೀಯೇ ಅವನನ್ನು ಕರೆದೊಯ್ದಳು. ಡಾಕ್ಟರ್ ರಾಜಶ್ರೀ ಪ್ರತಿ ಗುರುವಾರ ಅಲ್ಲಿಗೆ ಬರುತ್ತಿದ್ದರು. ಮೊದಲ ದಿನವೇ ಅವರು ಎಲ್ಲ ಬಿಚ್ಚಿ ಹೇಳಿದರು.

"ಗುಣ ಆಗೇ ಆಗ್ತೈತಿ ಅಂತ ನಾ ಮಾತು ಕೊಡಂಗಿಲ್ರಿ. ಈ ಪದ್ಧತಿ ಎಷ್ಟು ಮಂದಿಗೆ ಉಪಯೋಗ ಆಗ್ತೈತಿ ಅಂತ ನಾವೂ ನೋಡಾಕತ್ತೀವಿ. ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಬಿಡಬಹುದು."

ಅಮೀನ್‌ಸಾಬ್ ಸಹಿ ಹಾಕಿದ. ರಾತ್ರಿ ಕೆಲಸ ಬಿಡಬೇಕಾಯಿತು. ನಿದ್ದೆ ಅಳೆಯುವ ಗಡಿಯಾರವೊಂದನ್ನು ಅವನ ಕೈಗೆ ಕಟ್ಟಿದರು. ಎಷ್ಟೊತ್ತಿಗೆ ಮಲಗಿದೆ, ಎಷ್ಟು ಸಲ ಎದ್ದೆ ಎಂದು ದಿನಾ ಬೆಳಿಗ್ಗೆ ಹಾಳೆಯಲ್ಲಿ ಬರೆಯಬೇಕಿತ್ತು. ಗುಲ್ಷನ್‌ಬೀ ಪಕ್ಕದ ಕೋಣೆಗೆ ಹಾಸಿಗೆ ಸಾಗಿಸಿದಳು.

ನಾಲ್ಕನೆಯ ವಾರ ರಾಜಶ್ರೀ ಕನಸನ್ನು ಪೂರ್ತಿ ಹೇಳಿಸಿದರು. ಆಮೇಲೆ ಅಂದರು, "ಈಗ ಇದರ ಕೊನಿ ನಿಮಗ ಬೇಕಾದಂಗ ಬದಲು ಮಾಡ್ರಿ. ಆ ಹೊಸಾ ಕನಸನ್ನ ದಿನಾ ಹಗಲೊತ್ತಿನ್ಯಾಗ ಮನಸಿನಾಗ ನೋಡ್ಕೊಂತ ಹೋಗ್ರಿ."

"ಏನ್ ಬದಲು ಮಾಡ್ಲಿ ಮೇಡಂ?"

"ಬಾಗಿಲಾ ತೆಗೀಬಹುದಲ್ರಿ."

ಅಮೀನ್‌ಸಾಬ್ ಕೈಯ ಗಡಿಯಾರವನ್ನು ತಿರುವಿದ. "ಬಾಗಿಲಾ ತೆಗೆದ್ರ ಅವ ಇಳೀತಾನ. ಇಳದಾಂವ ಮೊದಲು ಅವರವ್ವ ಹೆಂಗದಾಳ ಅಂತ ಕೇಳ್ತಾನ. ಹನ್ನೊಂದು ವರ್ಷ ಆತು, ನಾ ಆಕಿ ಮಾರಿ ನೋಡಿಲ್ರಿ. ಅವಗ ಏನ್ ಹೇಳ್ಲಿ?"



ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ. ಪ್ರತಿ ವಾರವೂ ಅಲ್ಲಿ ಅವನು ತಲೆ ತಗ್ಗಿಸಿ ಕೂರುತ್ತಿದ್ದ. ಆ ಗುರುವಾರ ಎದ್ದು ಇಳಿದೇಬಿಟ್ಟ. ಗುಲ್ಷನ್‌ಬೀಯೂ ಹಿಂದೆ ಇಳಿದಳು. ಇಬ್ಬರೂ ಮಾಳಿಂಗಪ್ಪನ ಮನೆ ಕೇಳುತ್ತ ನಡೆದರು.

ಮಾಳಿಂಗಪ್ಪನ ತಾಯಿ ಕಸ್ತೂರೆಮ್ಮ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ಹೆಸರು ಹೇಳಿದ. ಅವಳ ಕೈ ನಿಲ್ಲಲಿಲ್ಲ.

"ಜ್ವರಾ ಬಂದಿದ್ವಲ್ಲ, ಆ ಅಮೀನ್‌ಸಾಬ್ ಏನು?"

ಅವನು ಹೂಂ ಎಂದು ತಲೆಯಾಡಿಸಿದ.

"ಅವತ್ತ ಮುಂಜಾನಿ ಫೋನ್ ಮಾಡಿದ್ದ," ಎಂದಳು ಕಸ್ತೂರೆಮ್ಮ. "ಅಮೀನ್‌ಸಾಬ್‌ಗ ಜ್ವರಾ ಬಂದಾವ ಯವ್ವಾ, ಇವತ್ತ ಅವನ ಗಾಡಿ ನಾ ಹೊಡೀತೀನಿ ಅಂದ."

"ನನ್ನ ಜಾಗಾದಾಗ ಹೋದ ಅವ್ವಾ."

"ಜ್ವರಾ ಯಾರ ಕೈಯಾಗೈತಪ್ಪ? ಅದಕ್ಕ ನನಗ ಸಿಟ್ಟಿಲ್ಲ. ನೀ ಬರ್ಲಿಲ್ಲ ನೋಡು, ಅದಕ್ಕ ಸಿಟ್ಟೈತಿ. ನನ ಮಗನ್ನ ಕಡೀಕ ನೋಡಿದಾಂವ ನೀನು. ಇವತ್ತ ಬರ್ತಾನ, ನಾಳೆ ಬರ್ತಾನ ಅಂತ ದಾರಿ ಕಾದೆ. ಅವತ್ತ ಅವ ಏನಾರ ತಿಂದಿದ್ನೋ ಇಲ್ಲೋ ಅಂತ ಹೇಳವರು ಸೈತ ಯಾರೂ ಇರಲಿಲ್ಲ ನನಗ."

"ಪೂರಿ ತಿಂದಿದ್ದ ಅವ್ವಾ," ಎಂದ ಅಮೀನ್‌ಸಾಬ್. "ನನಗ ಬಾಯಿ ಕಹಿ ಅಂದೆ. ನನ್ನ ಪಾಲಿನ ಚಹಾನೂ ಅವನೇ ಕುಡದ."

ಕಸ್ತೂರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವನೂ ಹೊಸ್ತಿಲ ಬಳಿ ಕುಸಿದು ಅತ್ತ. ಹಗಲು ಇಳಿಯುವವರೆಗೂ ಅವಳು ಮಗನ ಬಗ್ಗೆ ಒಂದೊಂದಾಗಿ ಕೇಳಿದಳು, ಅವನು ಹೇಳಿದ. ಉಳಿದ ಜೋಳವನ್ನು ಗುಲ್ಷನ್‌ಬೀ ಹಸನು ಮಾಡಿದಳು.

ಅದಾಗಿ ಮೂರು ವಾರಕ್ಕೆ ಕನಸಿನಲ್ಲಿ ಬಾಗಿಲು ತೆರೆಯಿತು. ಮಾಳಿಂಗಪ್ಪ ಇಳಿದು, ಅಂಗಿಯ ದೂಳು ಕೊಡವಿಕೊಂಡು ನಡೆದುಹೋದ. ಅಮೀನ್‌ಸಾಬ್ ಎಚ್ಚರಗೊಂಡಾಗ ಬೆಳಗಾಗಿತ್ತು. ಹಾಳೆಯಲ್ಲಿ ಐದು ತಾಸು ಎಂದು ಬರೆದು, ಆಮೇಲೆ ಹಿತ್ತಲಿಗೆ ಹೋಗಿ ಒಬ್ಬನೇ ಅತ್ತ. ಗೆಳೆಯ ಮತ್ತೆ ಕನಸಿಗೆ ಬರಲಿಲ್ಲ. ಗುಲ್ಷನ್‌ಬೀ ತನ್ನ ಹಾಸಿಗೆಯನ್ನು ಮತ್ತೆ ಅವನ ಪಕ್ಕಕ್ಕೆ ತಂದಳು.

ಹನ್ನೆರಡು ವಾರ ಮುಗಿದ ಮೇಲೆ ರಾಜಶ್ರೀ ಮನೆಯವರಿಗೂ ಕೆಲವು ಪ್ರಶ್ನೆ ಕೇಳಬೇಕಿತ್ತು.

"ರಾತ್ರಿ ಚೀರ್ತಾರೇನ್ರಿ?"

"ಇಲ್ರಿ."

"ಕೈಕಾಲು ಬಡೀತಾರೇನು? ನಡುರಾತ್ರ್ಯಾಗ ಏಳ್ತಾರೇನು?"

"ಎರಡಕ್ಕ ಒಮ್ಮೆ ಮಗ್ಗಲಾ ಬದಲು ಮಾಡ್ತಾರ. ನಾಕರ ಸುಮಾರಿಗೆ ಇನ್ನೊಮ್ಮೆ. ಅಷ್ಟ ರೀ."

ರಾಜಶ್ರೀ ಬರೆಯುವುದನ್ನು ನಿಲ್ಲಿಸಿದರು. "ಇಷ್ಟೆಲ್ಲಾ ನಿಮಗ ಹೆಂಗ ಗೊತ್ತು?"

"ನಾ ಎಚ್ಚರ ಇರ್ತೀನಲ್ರಿ," ಎಂದಳು ಗುಲ್ಷನ್‌ಬೀ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಯಾವಾಗ ಚೀರ್ತಾರೋ ಅಂತ ಉಸಿರು ಕೇಳ್ಕೊಂತ ಕುಂದರ್ತೀನಿ. ಮೊದಲು ಅವರು ಮಿಲ್ಲಿಗೆ ಹೋದಾಗರ ಒಂದೀಟು ನಿದ್ದಿ ಬರ್ತಿತ್ತು. ಈಗ ಅದೂ ಇಲ್ಲ."

ರಾಜಶ್ರೀ ಬರೆಯುತ್ತಿದ್ದ ಹಾಳೆಯಲ್ಲಿ ಅವಳ ನಿದ್ದೆಗೆ ಜಾಗವಿರಲಿಲ್ಲ. ಅಧ್ಯಯನ ಇದ್ದದ್ದು ಸೈನಿಕರಿಗೆ.

ಅಮೀನ್‌ಸಾಬ್ ಹೆಂಡತಿಯ ಕಡೆ ತಿರುಗಿದ. ಅವಳ ಕಣ್ಣಿನ ಸುತ್ತ ಕಪ್ಪುಗಟ್ಟಿದ್ದನ್ನು ಈಗ ಕಂಡ. "ನನಗ ಯಾಕ ಹೇಳ್ಲಿಲ್ಲ?"

"ಇಷ್ಟು ವರ್ಷಕ್ಕ ಮಲಗೀರಿ. ಹೆಂಗ ಎಬ್ಬಿಸ್ಲಿ?"

ರಾಜಶ್ರೀ ಪೆನ್ನು ಪಕ್ಕಕ್ಕಿಟ್ಟು, "ಮುಂದಿನ ಗುರುವಾರ ನೀವು ಬರ್ರಿ. ಅಧ್ಯಯನಕ್ಕಲ್ಲ, ನನ್ನ ಹತ್ರ ಬರ್ರಿ," ಎಂದು ಗುಲ್ಷನ್‌ಬೀಯ ಕೈ ಹಿಡಿದರು. ಅವಳು ಬಂದಳು. ಅದಾದ ಮೇಲೂ ಅನೇಕ ಗುರುವಾರ ಬಂದಳು. ಕೆಲವು ರಾತ್ರಿ ಅವಳಿಗೆ ನಿದ್ದೆ ಹತ್ತುತ್ತದೆ, ಕೆಲವು ರಾತ್ರಿ ಇಲ್ಲ.